ಗೇಟಿನೊಳಗೆ ಕಾಲಿಡುವ ಮುನ್ನ

ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಕರದಂಟಿನ ಡಬ್ಬಿ ಕಟ್ಟಿಕೊಂಡು ಬೆಂಗಳೂರು ಬಸ್ಸು ಹತ್ತುವ ತಮ್ಮ-ತಂಗಿಯರೇ, ಒಂದು ಮಾತು.

1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್‌ನಂಥ (ಬಿಇಎಲ್) ರಕ್ಷಣಾ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆಂದರೆ ಮನೆಮಂದಿ ಹಿಗ್ಗುತ್ತಾರೆ. ಹಿಗ್ಗಲಿ. ನೀವು ಮಾತ್ರ ನೇಮಕಾತಿ ಪತ್ರವನ್ನು ಎರಡು ಸಲ ಓದಿ. ಪ್ರೊಬೇಷನರಿ ಎಂಜಿನಿಯರ್ ಎಂದರೆ ಕಾಯಂ ಹುದ್ದೆಯ ದಾರಿ. ಟ್ರೇನಿ ಅಥವಾ ಪ್ರಾಜೆಕ್ಟ್ ಎಂಜಿನಿಯರ್ ಎಂದಿದ್ದರೆ ಅದು ಕೆಲವೇ ವರ್ಷಗಳ ಗುತ್ತಿಗೆ. ಅದನ್ನು ನಂಬಿ ದೊಡ್ಡ ಸಾಲ ಮಾಡಬೇಡಿ.

ರಕ್ಷಣಾ ಕ್ಷೇತ್ರದ ಕೆಲಸ ನಿಧಾನ, ಬೇಸರ ಪಡಬೇಡಿ; ತಪ್ಪಿಗೆ ಅಲ್ಲಿ ಎಡೆಯಿಲ್ಲ. 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನವನ್ನೇ ನೋಡಿ. ಪೈಲಟ್ ಕೋಲು ಎಳೆದರೆ ರೆಕ್ಕೆಯ ಪಟ್ಟಿಗಳನ್ನು ಆಡಿಸುವುದು ಗಣಕ. ಒಂದು ಕೆಟ್ಟರೂ ವಿಮಾನ ಉಳಿಯಲೆಂದು ನಾಲ್ಕು ಸಮಾನಾಂತರ ಚಾನೆಲ್‌ಗಳು. ಇಂಥ ಕಡೆ ಹತ್ತು ಸಾಲು ಕೋಡ್ ಬರೆದರೆ, ಪ್ರತಿ ಸಾಲೂ ಯಾವ ಅಗತ್ಯಕ್ಕಾಗಿ ಬಂತು, ಹೇಗೆ ಪರೀಕ್ಷೆಯಾಯಿತು ಎಂದು ದಾಖಲಿಸಬೇಕು. ಆ ಶಿಸ್ತು ಜೀವನಪೂರ್ತಿ ಕೈಹಿಡಿಯುತ್ತದೆ. ಅದಕ್ಕೆ ಸಿ, ಸಿ++ ಗಟ್ಟಿ ಮಾಡಿಕೊಳ್ಳಿ. ಹೊರಗಿನ ಹೊಸ ತಂತ್ರಗಳನ್ನು ಮನೆಯಲ್ಲಿ ಕಲಿಯುತ್ತಿರಿ. ಇಲ್ಲದಿದ್ದರೆ ಕೈ ಜಡ್ಡುಗಟ್ಟುತ್ತದೆ.

ಇನ್ನೊಂದು: ಬಾಯಿ ಬಿಗಿಯಿರಲಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಜಾತ್ರೆಗೆ ಬಂದಾಗ ಗೆಳೆಯರು ಕೆದಕಿ ಕೇಳಿಯಾರು. ‘ಕಂಪ್ಯೂಟರ್ ಕೆಲಸರೀ’ ಎಂದು ನಕ್ಕು ಸುಮ್ಮನಾಗಿ. ಪರಿಚಯಪತ್ರದ ಫೋಟೊ ಸ್ಟೇಟಸ್‌ಗೆ ಹಾಕಬೇಡಿ.

ಕೊನೆಗೆ, ನೀವು ಬರೆದದ್ದು ಆಯುಧಕ್ಕೂ ಸೇರಬಹುದು. ಅದಕ್ಕೆ ಮನಸ್ಸು ಒಪ್ಪುತ್ತದೆಯೇ ಎಂದು ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ. ಒಪ್ಪಿದರೆ, ನೆಮ್ಮದಿಯಿಂದ ದುಡಿಯಿರಿ.