ಕೈಕೆಲಸದ ವಿದ್ಯುತ್ ಯಂತ್ರಗಳೂ ದೇಹಾರೋಗ್ಯವೂ

ಮಹಾನಗರದ ಎರಡು ಕೋಣೆಗಳ ಸಂಸಾರದಲ್ಲಿಯೂ ಉಪಕರಣಗಳಿಗೆಂದು ಒಂದು ಮೂಲೆ ಮೀಸಲಾಗಿರುವುದುಂಟು. ಆಯುಧಪೂಜೆಯಂದು ಅಲ್ಲಿಯ ಸುತ್ತಿಗೆ, ಇಕ್ಕಳ, ಗರಗಸಗಳಿಗೂ ಅರಿಸಿನ ಕುಂಕುಮ ಸಲ್ಲುತ್ತದೆ. ಈಚೆಗೆ ಅವುಗಳ ಪಕ್ಕದಲ್ಲಿ ಬೇರೊಂದು ಬಗೆಯ ಸಾಮಗ್ರಿಯೂ ಬಂದು ಕುಳಿತಿದೆ: ಹಳೆಯ ಮಿಕ್ಸಿಯ ಮೋಟಾರಿಗೆ ಸಿಕ್ಕಿಸಿದ ಸಾಣೆಚಕ್ರ, ಬಟ್ಟೆ ಒಗೆಯುವ ಯಂತ್ರದ ಮೋಟಾರಿನಿಂದ ತಿರುಗುವ ಲೇಥು, ಪ್ಲೈವುಡ್ ಹಲಗೆಯ ಕೆಳಗೆ ಆಂಗಲ್ ಗ್ರೈಂಡರನ್ನು ತಲೆಕೆಳಗಾಗಿ ಬಿಗಿದು ಮಾಡಿದ ಗರಗಸದ ಮೇಜು. ಇವೆಲ್ಲ ಮನೆಯ ಯಜಮಾನನೋ ಕಾಲೇಜಿಗೆ ಹೋಗುವ ಮಗನೋ ಸ್ವಹಸ್ತದಿಂದ ರಚಿಸಿದ ಯಂತ್ರಗಳು.

ಇದನ್ನು ಕೇವಲ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊಸ ಯಂತ್ರದ ಬೆಲೆಯ ಒಂದಂಶಕ್ಕೆ ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಮೋಟಾರು ದೊರೆಯುತ್ತದೆ. ಉಳಿದ ಬೋಲ್ಟು ನಟ್ಟುಗಳಿಗೆ ನಾಗದೇವಿ ಬೀದಿಯಿದೆ. ಆದರೆ ಹಣಕ್ಕಿಂತ ಮಿಗಿಲಾದುದು ಕೈಗೆ ಸಿಗುವ ತೃಪ್ತಿ. ಊರಿನಲ್ಲಿ ನೇಗಿಲು, ಗಾಡಿ, ಬಾವಿಯ ರಾಟೆಗಳನ್ನು ಮನೆಯವರೇ ರಿಪೇರಿ ಮಾಡುತ್ತಿದ್ದುದನ್ನು ಕಂಡು ಬೆಳೆದವನು ನಗರದಲ್ಲಿ ದಿನವಿಡೀ ಕಡತಗಳ ನಡುವೆ ಕುಳಿತಾಗ, ಭಾನುವಾರ ತಾನೇ ಜೋಡಿಸಿದ ಯಂತ್ರವೊಂದು ಗುಂಯ್ ಎಂದು ತಿರುಗಿದರೆ ಅವನಿಗಾಗುವ ಹಿಗ್ಗು ಸಾಮಾನ್ಯವಾದುದಲ್ಲ.

ಅಪಾಯವಿರುವುದು ಈ ಹಿಗ್ಗಿನಲ್ಲಿಯೇ. ಯಂತ್ರ ತಿರುಗಿತು, ಮರ ಕತ್ತರಿಸಿತು. ಆದುದರಿಂದ ಅದು ಸರಿಯಾಗಿದೆ ಎಂಬ ತೀರ್ಮಾನ ಸಹಜವಾಗಿ ಮೂಡುತ್ತದೆ. ಆದರೆ ಕಾರ್ಖಾನೆಯಲ್ಲಿ ತಯಾರಾದ ಯಂತ್ರದಲ್ಲಿ ಕೆಲಸಕ್ಕೆ ಬೇಕಿಲ್ಲದ, ಅಪಘಾತಕ್ಕೆ ಮಾತ್ರ ಬೇಕಾಗುವ ಎಷ್ಟೋ ಭಾಗಗಳಿರುತ್ತವೆ: ಚಕ್ರದ ಕವಚ, ಎರಡು ಪದರದ ವಿದ್ಯುನ್ನಿರೋಧಕ ಹೊದಿಕೆ, ಗರಗಸದ ಹಿಂದೆ ಮರದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಲೋಹದ ಪಟ್ಟಿ. ಅವು ಸಂಸ್ಥೆಯೊಂದರ ಮೀಸಲು ನಿಧಿಯಿದ್ದಂತೆ. ದಿನದ ವಹಿವಾಟು ಅದಿಲ್ಲದೆಯೂ ನಡೆಯುತ್ತದೆ, ಕೊರತೆ ಗೊತ್ತಾಗುವುದು ಸಂಕಟದ ದಿನ ಮಾತ್ರ.

ಮಿಕ್ಸಿಯ ಮೋಟಾರಿನ ಲೆಕ್ಕವನ್ನು ನೋಡೋಣ. 6 ಅಂಗುಲದ ಸಾಣೆಚಕ್ರವನ್ನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 3,000 ಸುತ್ತುಗಳಲ್ಲಿ ತಿರುಗಿಸುತ್ತಾರೆ. ಆಗ ಅದರ ಅಂಚು ಗಂಟೆಗೆ ಸುಮಾರು 85 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಮಿಕ್ಸಿಯ ಮೋಟಾರಾದರೋ ಹೊರೆಯಿಲ್ಲದಿರುವಾಗ ನಿಮಿಷಕ್ಕೆ 18,000 ಸುತ್ತುಗಳವರೆಗೂ ಹೋಗಬಲ್ಲುದು. ವೇಗ ಆರು ಪಟ್ಟಾಯಿತು. ಅಪಾಯವೂ ಆರು ಪಟ್ಟು ತಾನೇ ಎಂದರೆ ಲೆಕ್ಕ ತಪ್ಪಿತು. ಚಕ್ರವನ್ನು ಹೊರಕ್ಕೆ ಸೀಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಮೂವತ್ತಾರು ಪಟ್ಟಾಗುತ್ತದೆ. ಚಕ್ರದ ಮೇಲೆ ಗರಿಷ್ಠ ವೇಗವನ್ನು ಮುದ್ರಿಸಿರುವುದು ಇದಕ್ಕಾಗಿಯೇ. ಕವಚವಿಲ್ಲದೆ ಒಡೆದ ಚಕ್ರದ ಚೂರು ಮೊದಲು ತಲುಪುವುದು ಬಗ್ಗಿ ನೋಡುತ್ತಿರುವ ಮುಖವನ್ನು. ಸರಿಯಾದ ವೇಗದ ಯಂತ್ರಕ್ಕಾದರೂ ಚಕ್ರವನ್ನು ಕೂರಿಸುವ ಮುನ್ನ, ಸಂತೆಯಲ್ಲಿ ಮಡಕೆ ತಟ್ಟಿ ನೋಡುವಂತೆ, ಮರದ ಹಿಡಿಯಿಂದ ಮೆಲ್ಲನೆ ತಟ್ಟಬೇಕು. ಕಂಚಿನ ನಾದ ಬಂದರೆ ಸರಿ, ಬದ್ದ ಸದ್ದು ಬಂದರೆ ಒಳಗೆ ಬಿರುಕಿದೆಯೆಂದೇ ಅರ್ಥ.

ಆಂಗಲ್ ಗ್ರೈಂಡರಿನದು ಇನ್ನೊಂದು ಕಥೆ. 4 ಅಂಗುಲದ ಬಿಲ್ಲೆಯ ಈ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ಹಾಕುತ್ತದೆ. ಲೋಹವನ್ನು ಉಜ್ಜಲು ಹುಟ್ಟಿದ ಇದಕ್ಕೆ ಮರ ಕೊಯ್ಯುವ ಹಲ್ಲಿನ ಬಿಲ್ಲೆಯನ್ನು ಸಿಕ್ಕಿಸಿದರೆ, ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣದಲ್ಲಿ ಯಂತ್ರವೇ ಹಿಮ್ಮೆಟ್ಟಿ ಎಗರುತ್ತದೆ. ಹಲಗೆಯ ಕೆಳಗೆ ಬಿಗಿದಿದ್ದರೆ ಯಂತ್ರದ ಬದಲು ಮರ ಎಗರುತ್ತದೆ, ಅದನ್ನು ಒತ್ತಿ ಹಿಡಿದಿದ್ದ ಕೈ ಬಿಲ್ಲೆಯ ಮೇಲೆ ಬೀಳುತ್ತದೆ. ವಿದ್ಯುತ್ ಹೋಗಿ ಬಂದಾಗ, ಸಾದಾ ಸ್ವಿಚ್ಚಿನ ಯಂತ್ರ ತಾನಾಗಿಯೇ ಮತ್ತೆ ತಿರುಗತೊಡಗುವುದನ್ನೂ ಮರೆಯಬಾರದು. ಲುಂಗಿ, ಸಡಿಲ ತೋಳು, ಸೆರಗು ಇವು ತಿರುಗುವ ಯಂತ್ರದ ಬಳಿ ಸಲ್ಲವು. ರಕ್ಷಣೆಗೆಂದು ತೊಡುವ ಕೈಚೀಲವೂ ಗರಗಸದ ಹಲ್ಲಿಗೆ ಸಿಕ್ಕರೆ ಕೈಯನ್ನು ಒಳಕ್ಕೆ ಎಳೆಯುತ್ತದೆ.

ಇನ್ನು ವಿದ್ಯುತ್ತು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಒಂದು ಮಿಲಿ ಆಂಪಿಯರ್ ಪ್ರವಾಹ ದೇಹದಲ್ಲಿ ಹರಿದರೆ ಜುಮ್ಮೆನ್ನುತ್ತದೆ. ಹತ್ತನ್ನು ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದುದನ್ನು ಬಿಡಲಾಗದ ಸ್ಥಿತಿ ಬರುತ್ತದೆ. ನೂರರ ಸುಮಾರಿಗೆ ಹೃದಯ ಮಿಡಿಯುವುದನ್ನು ಬಿಟ್ಟು ಬರಿದೆ ಕಂಪಿಸತೊಡಗಬಹುದು. ಬೆವರಿದ ದೇಹದ ತಡೆಯನ್ನು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಫ್ಯೂಸ್ ಅಥವಾ ಎಂ.ಸಿ.ಬಿ. ಕಾಪಾಡುತ್ತದೆಯೆಂಬ ನಂಬಿಕೆ ಹುಸಿ. 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿ ಆಂಪಿಯರ್. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಸೋರಿಕೆಗೇ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಬೇಕು, ಲೋಹದ ಮೈಯ ಮೋಟಾರಿಗೆ ಅರ್ಥಿಂಗ್ ಬೇಕು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಬಾಡಿಗೆಯ ಮನೆಯಾದರೂ ಸರಿಯೆ, ಎಲೆಕ್ಟ್ರೀಷಿಯನ್ನನಿಂದ ಇದನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ಇಷ್ಟೆಲ್ಲ ಎಚ್ಚರಿಕೆಗಳ ನಡುವೆಯೂ ಸರಿಪಡಿಸಿಕೊಂಡು ಬಳಸಬಹುದಾದ ಯಂತ್ರಗಳಿವೆ. ಬಟ್ಟೆಯ ಯಂತ್ರದ ಮೋಟಾರು ನಿಧಾನವಾದುದು, ಕವಚವನ್ನೂ ಅರ್ಥಿಂಗನ್ನೂ ಒದಗಿಸಿದರೆ ವಿಧೇಯವಾಗಿ ನಡೆಯುತ್ತದೆ. ಆದರೆ ಮಾಡಲೇಬಾರದ ಒಂದು ಯಂತ್ರವಿದೆ. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಉಪ್ಪುನೀರಿನಂಥ ದ್ರವ ಬಳಿದ ಹಲಗೆಗೆ ಅದರ ತಂತಿಗಳನ್ನು ತಾಗಿಸಿ, ಮರದ ಮೇಲೆ ಮಿಂಚಿನ ಕವಲುಗಳಂತಹ ಚಿತ್ರ ಸುಡುವ ಹವ್ಯಾಸವದು. ಚಿತ್ರ ಸುಂದರವೇ ಹೌದು. ಆದರೆ ಅಲ್ಲಿರುವುದು ಸುಮಾರು 2,000 ವೋಲ್ಟ್. ಟ್ರಾನ್ಸ್‌ಫಾರ್ಮರಿನ ಆಚೆಯ ಬದಿಯ ಸೋರಿಕೆ ಮನೆಯ ಆರ್.ಸಿ.ಸಿ.ಬಿ.ಗೆ ಕಾಣುವುದೇ ಇಲ್ಲವಾದ್ದರಿಂದ ಅದು ಸುಮ್ಮನಿರುತ್ತದೆ. ಅಮೆರಿಕದಲ್ಲಿ ಇದರಿಂದ ಹಲವರು ಸತ್ತಿದ್ದಾರೆ. ಲೇಥಿನಲ್ಲಿ ಮರ ಕಡೆಯುವವರ ಅಲ್ಲಿಯ ಸಂಘವು ತನ್ನ ಕಾರ್ಯಕ್ರಮಗಳಲ್ಲಿ ಈ ವಿಧಾನವನ್ನು ನಿಷೇಧಿಸಿದೆ. ಆ ಒಲೆಯ ಕೆಪಾಸಿಟರಂತೂ ಪ್ಲಗ್ ಕಿತ್ತ ಮೇಲೆಯೂ ಆಘಾತ ಕೊಡಬಲ್ಲುದು. ಕೆಟ್ಟ ಒಲೆಯನ್ನು ಬಿಚ್ಚುವ ಕುತೂಹಲವನ್ನು ಮಕ್ಕಳಲ್ಲಿ ಪ್ರೋತ್ಸಾಹಿಸಬಾರದು.

ಅಪಘಾತ ಸಂಭವಿಸಿಯೇ ಬಿಟ್ಟರೆ ಮೊದಲ ನಿಮಿಷಗಳು ಮನೆಯವರ ಕೈಯಲ್ಲಿರುತ್ತವೆ. ವಿದ್ಯುತ್ತಿಗೆ ಸಿಲುಕಿದವನನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಪ್ರಜ್ಞೆಯೂ ಸಹಜ ಉಸಿರಾಟವೂ ಇಲ್ಲದಿದ್ದರೆ ಒಬ್ಬರು 112ಕ್ಕೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳಿಂದ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ಚೇತರಿಸಿಕೊಂಡವನನ್ನೂ ವೈದ್ಯರಿಗೆ ತೋರಿಸಬೇಕು. ಹೃದಯದ ಲಯ ತಪ್ಪಿರುವುದು ಹೊರಗೆ ತಿಳಿಯದು. ಕಣ್ಣಿಗೆ ಚೂರು ನೆಟ್ಟಿದ್ದರೆ ಉಜ್ಜಬಾರದು, ಕೀಳಲೂಬಾರದು.

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಕೈಯನ್ನು ಮೇಲೆತ್ತಿ ಹಿಡಿಯಬೇಕು. ತುಂಡನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಮಂಜುಗಡ್ಡೆ ನೇರವಾಗಿ ತಗುಲಿದರೆ ಜೀವಕೋಶಗಳು ಸಾಯುತ್ತವೆ. ಬೆರಳನ್ನು ಮರುಜೋಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲವಾದ್ದರಿಂದ ಹೊರಡುವಾಗಲೇ ಫೋನ್ ಮಾಡಿ ವಿಚಾರಿಸಬೇಕು. ದಾರಿಯಲ್ಲಿ ಕಾಫಿಯನ್ನಾಗಲಿ ನೀರನ್ನಾಗಲಿ ಕುಡಿಸಬಾರದು. ಅರಿವಳಿಕೆ ಕೊಡಬೇಕಾಗಿ ಬಂದೀತು.