ಮುಪ್ಪಿನವರ ಶುಶ್ರೂಷೆಯೂ ಎಳೆಯ ದಾದಿಯರ ಮನಸ್ಸೂ

ಪಾಠಭಾಗ: 2 ಸಮುವೇಲ 19:31–39, ಯೋಹಾನ 21:18

ನಮ್ಮ ಹಳ್ಳಿಯ ಸಭೆಗಳಿಂದ ಅನೇಕ ಹೆಣ್ಣುಮಕ್ಕಳು ದಾದಿಯ ವಿದ್ಯೆಯನ್ನು ಕಲಿಯುವದಕ್ಕೆ ಆಸ್ಪತ್ರೆಗಳಿಗೆ ಹೋಗುತ್ತಾರೆ. ಈಚೆಗೆ ಗಂಡುಮಕ್ಕಳೂ ಹೋಗುತ್ತಾರೆ. ನಾವು ಪ್ರಾರ್ಥನೆ ಮಾಡಿ ಅವರನ್ನು ಕಳುಹಿಸುತ್ತೇವೆ. ಆದರೆ ಅಲ್ಲಿ ಅವರ ಮನಸ್ಸಿಗೆ ಏನು ಸಂಭವಿಸುವದೆಂದು ವಿಚಾರಿಸುವವರು ಕೊಂಚವೇ.

ಹೀಗೆ ಹೋದ ಒಬ್ಬ ಹುಡುಗಿಯು ರಜೆಯಲ್ಲಿ ಊರಿಗೆ ಬಂದು ನಮ್ಮ ಮುಂದೆ ಅತ್ತಳು. "ಅಯ್ಯನವರೇ, ನನಗೆ ಈ ಕೆಲಸ ಬೇಡ. ಮುದುಕರ ಹಾಸಿಗೆ ಬದಲಿಸುವಾಗ ನನಗೆ ಹೇಸಿಗೆಯಾಗುತ್ತದೆ. ಒಂದು ರಾತ್ರಿ ಒಬ್ಬ ಅಜ್ಜಿ ಮೂರು ಸಾರಿ ಕರೆದರು. ಕೇಳಿಯೂ ಕೇಳದವಳ ಹಾಗೆ ಹೋದೆನು. ನಾನೂ ಕ್ರೈಸ್ತಳೋ?" ಅಂದಳು. ನಾವು ಗದರಿಸುವದಕ್ಕೆ ಬಾಯಿ ತೆರೆದೆವು. ಆದರೆ ನಮ್ಮ ತಂದೆಯವರು ಕಡೇ ವರುಷ ಹಾಸಿಗೆ ಹಿಡಿದಿದ್ದಾಗ, ಸಭೆಯ ಕೆಲಸವೆಂಬ ನೆವದಿಂದ ನಾವು ಹೊರಗೆ ಹೋಗುತ್ತಿದ್ದದ್ದು ನೆನಪಿಗೆ ಬಂದು ಸುಮ್ಮನಾದೆವು.

ಮೊದಲನೆಯದಾಗಿ, ಈ ಕಳವಳವು ಅವಳೊಬ್ಬಳದೇ ಅಲ್ಲ. ಲಂಡನ್ ಪಟ್ಟಣದ ಒಂದು ಆಸ್ಪತ್ರೆಯ ದಾದಿಯರ ವಿಷಯವಾಗಿ ಇಸಬೆಲ್ ಮೆನ್ಜೀಸ್ ಎಂಬವರು 1960ರಲ್ಲಿ ಬರೆದರು. ನೋವನ್ನೂ ಮರಣವನ್ನೂ ಹತ್ತಿರದಿಂದ ಕಾಣುವ ಎಳೆಯರಲ್ಲಿ ಭಯವೂ ಹೇಸಿಗೆಯೂ ಕೋಪವೂ ಕನಿಕರವೂ ಒಟ್ಟಿಗೇ ಏಳುತ್ತವೆ. ಅದನ್ನು ತಾಳುವದಕ್ಕಾಗಿ ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಅಂಕೆಯಿಂದಲೂ ರೋಗದಿಂದಲೂ ಕರೆಯುವ ರೂಢಿಯುಂಟಾಯಿತು. ಹೇಸಿಗೆ ಹುಟ್ಟುವದು ಪಾಪವಲ್ಲ. ಅದರ ನಿಮಿತ್ತ ಮನುಷ್ಯನಿಗೆ ಬೆನ್ನು ತಿರುಗಿಸುವದೇ ಪಾಪ.

ಎರಡನೆಯದಾಗಿ, "ಇವರಿಗೆ ಮಾಡಿ ಏನು ಪ್ರಯೋಜನ?" ಎಂಬ ನಿರಾಶೆಯು ಸುಳ್ಳು. ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ 1935ರಲ್ಲಿ ಬಡವರ ಛತ್ರದ ರೋಗಿಗಳು ಸೇರಿದರು. ಬಹುಕಾಲ ಮಲಗಿಸಿಯೇ ಬಿಟ್ಟಿದ್ದ ಆ ವೃದ್ಧರನ್ನು ಮಾರ್ಜರಿ ವಾರನ್ ಎಂಬ ವೈದ್ಯರು ಒಬ್ಬೊಬ್ಬರಾಗಿ ಪರೀಕ್ಷಿಸಿ, ಎಬ್ಬಿಸಿ, ನಡೆಯುವದಕ್ಕೆ ಕಲಿಸಿದರು. ಅನೇಕರು ಮನೆಗೆ ತಿರುಗಿ ಹೋದರು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದರೆ ಹಾಸಿಗೆಹುಣ್ಣು ಕಡಿಮೆಯಾಗುವದೆಂದು ಡೊರೀನ್ ನಾರ್ಟನ್ ಎಂಬ ದಾದಿಯೂ ಅವರ ಜೊತೆಯವರೂ 1962ರಲ್ಲಿ ತೋರಿಸಿದರು. ಹೀಗಿರಲಾಗಿ ದಾದಿಯ ಚಿಕ್ಕ ಕೆಲಸವೂ ವ್ಯರ್ಥವಲ್ಲ.

ಮೂರನೆಯದಾಗಿ, ಮುಪ್ಪಿನವರನ್ನು ಅರಿಯುವದರಿಂದಲೇ ಮನಸ್ಸು ತಿರುಗುತ್ತದೆ. ಬರ್ಜಿಲ್ಲೈಗೆ 80 ವರುಷ. ಊಟದ ರುಚಿಯೂ ಹಾಡುವವರ ಧ್ವನಿಯೂ ತನಗೆ ತಿಳಿಯದೆಂದು ಅವನೇ ಹೇಳಿಕೊಂಡನು. ಆದರೂ ದಾವೀದನು ಕುಂದಿದ ದೇಹವನ್ನು ನೋಡದೆ, ಮಹನಯಿಮಿನಲ್ಲಿ ತನಗೆ ಆಹಾರ ಕೊಟ್ಟವನನ್ನು ನೋಡಿ, ಅವನನ್ನು ತನ್ನ ಬಳಿಗೆ ಕರೆದನು, ಮುದ್ದಿಟ್ಟು ಆಶೀರ್ವದಿಸಿದನು. ಹಾಸಿಗೆಯಲ್ಲಿರುವ ಮುದುಕಿಯೂ ಒಂದು ಕಾಲದಲ್ಲಿ ಹೊಲ ಕಳೆ ತೆಗೆದವಳು, ಮಕ್ಕಳನ್ನು ಹೆತ್ತು ಹೊತ್ತವಳು.

ಆದಕಾರಣ ನಾವು ಆ ಹುಡುಗಿಗೆ ಹೇಳಿದ್ದು ಇಷ್ಟೇ: ನಿನಗಾಗುವದನ್ನು ಮುಚ್ಚಿಡದೆ ಹಿರಿಯ ದಾದಿಗೆ ಹೇಳು, ಕೆಲಸಕ್ಕೆ ಮುಂಚೆ ಅಜ್ಜಿಯ ಹೆಸರನ್ನೂ ಊರನ್ನೂ ಕೇಳು, ಆಮೇಲೆ ಹಾಸಿಗೆ ಮುಟ್ಟು. ಅವಳು ತಿರುಗಿ ಹೋದಳು. ಒಂದು ತಿಂಗಳಾದ ಮೇಲೆ ಕಾಗದ ಬಂತು: "ಆ ಅಜ್ಜಿ ತೀರಿಕೊಂಡಿದ್ದರು. ಕ್ಷಮೆ ಕೇಳುವದಕ್ಕೆ ಆಗಲಿಲ್ಲ. ಅದೇ ಹಾಸಿಗೆಯಲ್ಲಿ ಈಗ ಇರುವವರ ಹೆಸರು ಕೇಳಿದ್ದೇನೆ. ರಾತ್ರಿ ಕರೆದರೆ ಹೋಗುತ್ತೇನೆ. ಹೇಸಿಗೆ ಇನ್ನೂ ಪೂರಾ ಹೋಗಿಲ್ಲ."

ಪ್ರಿಯರೇ, 2011ರ ಜನಗಣತಿಯಲ್ಲಿ ನಮ್ಮ ದೇಶದೊಳಗೆ 60 ವರುಷ ದಾಟಿದವರು 10 ಕೋಟಿಗೂ ಹೆಚ್ಚಾಗಿದ್ದರು. ಅವರಲ್ಲಿ ಅನೇಕರು ಹಳ್ಳಿಯ ಮನೆಗಳಲ್ಲೇ ಇರುವವರು. ಹಿತ್ತಲ ಕೋಣೆಯಲ್ಲಿ ಅಜ್ಜನು ಕರೆಯುವಾಗ ನಾವು ಕಿವುಡರಾದರೆ, ನಮ್ಮ ಮಕ್ಕಳು ಆಸ್ಪತ್ರೆಯಲ್ಲಿ ಬೇರೆ ರೀತಿ ಕಲಿಯುವದು ಹೇಗೆ? ಮುಪ್ಪಿನಲ್ಲಿ ಬೇರೊಬ್ಬನು ನಡುಕಟ್ಟುವನೆಂದು ಕರ್ತನು ಪೇತ್ರನಿಗೆ ತಿಳಿಸಿದನು. ಆ ದಿನವು ನಮಗೂ ಬರುವದು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಹೇಸಿಗೆಗೂ ಪಾಪಕ್ಕೂ ಇರುವ ಭೇದವೇನು?
2. ದಾವೀದನು ಬರ್ಜಿಲ್ಲೈಯಲ್ಲಿ ಕಂಡದ್ದೇನು?
3. ನಮ್ಮ ಸಭೆಯಿಂದ ಶುಶ್ರೂಷೆ ಕಲಿಯಲು ಹೋದವರಿಗೆ ಈ ತಿಂಗಳು ಕಾಗದ ಬರೆಯುವವರು ಯಾರು?