ಮನೆ ಮಾರಾಟ: ಕಟ್ಟಡದೊಡನೆ ಹೋಗುವುದು ಯಾವುದು, ಉಳಿಯುವುದು ಯಾವುದು?

ಮನೆಯ ಬೆಲೆ ನಿಗದಿಯಾಗಿ ಮುಂಗಡ ಸಂದಾಯವಾದ ಮೇಲೆ ಗೀಸರ್, ಪಂಪ್‌ಸೆಟ್, ಇನ್ವರ್ಟರ್‌ಗಳು ಯಾರಿಗೆ ಸೇರಬೇಕೆಂಬ ತಕರಾರು ಹುಟ್ಟುವುದುಂಟು. ಇದಕ್ಕೆ ಉತ್ತರವು 1882ರ ಆಸ್ತಿ ವರ್ಗಾವಣೆ ಅಧಿನಿಯಮದಲ್ಲಿದೆ.

ಅದರ 3ನೇ ಪ್ರಕರಣದಂತೆ ‘ಭೂಮಿಗೆ ಸೇರಿದ್ದು’ ಎಂಬುದು ಮೂರು ಬಗೆ: ಮರಗಿಡಗಳಂತೆ ಬೇರೂರಿದ್ದು, ಗೋಡೆ, ಕಟ್ಟಡಗಳಂತೆ ನೆಲದಲ್ಲಿ ಹುದುಗಿದ್ದು, ಹಾಗೆ ಹುದುಗಿದ್ದರ ಶಾಶ್ವತ ಉಪಭೋಗಕ್ಕಾಗಿ ಅದಕ್ಕೆ ಜೋಡಿಸಿದ್ದು. 8ನೇ ಪ್ರಕರಣದಂತೆ, ಬೇರೆ ಉದ್ದೇಶ ವ್ಯಕ್ತವಾಗದಿದ್ದಲ್ಲಿ, ಬಾಗಿಲು, ಕಿಟಕಿ, ಬೀಗ, ಬೀಗದಕೈ ಮುಂತಾಗಿ ಮನೆಯ ಶಾಶ್ವತ ಬಳಕೆಗೆಂದು ಒದಗಿಸಿದ ವಸ್ತುಗಳೆಲ್ಲ ಮನೆಯೊಡನೆ ವರ್ಗವಾಗುತ್ತವೆ.

ಆದುದರಿಂದ ಎರಡು ಪ್ರಶ್ನೆಗಳು ಮುಖ್ಯ. ವಸ್ತುವನ್ನು ಹೇಗೆ ಜೋಡಿಸಲಾಗಿದೆ? ಏತಕ್ಕಾಗಿ ಜೋಡಿಸಲಾಗಿದೆ? ಗೋಡೆಯೊಳಗೆ ಕಟ್ಟಿದ ಕಪಾಟು ಮನೆಯ ಭಾಗ. ತನ್ನ ಭಾರದಿಂದಲೇ ನಿಂತ ರೆಫ್ರಿಜರೇಟರ್ ಚರಾಸ್ತಿ. ಏರ್ ಕಂಡೀಷನರ್, ಫ್ಯಾನುಗಳ ವಿಷಯದಲ್ಲಿ ವಾದಕ್ಕೆ ಎಡೆಯಿರುತ್ತದೆ.

ಬೋಲ್ಟ್ ಹಾಕಿದ ಮಾತ್ರಕ್ಕೆ ವಸ್ತುವು ಸ್ಥಿರಾಸ್ತಿಯಾಗದು. ಸುಮಾರು ಒಂದೂವರೆ ಅಡಿ ಆಳದ ಅಡಿಪಾಯಕ್ಕೆ, ಕಂಪನ ತಡೆಯಲೆಂದಷ್ಟೇ ಬಿಗಿದಿದ್ದ ಡಾಂಬರು ಮಿಶ್ರಣದ ಯಂತ್ರ ಸ್ಥಾವರವು ಸ್ಥಿರಾಸ್ತಿಯಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸಾಲಿಡ್ ಅಂಡ್ ಕರೆಕ್ಟ್ ಇಂಜಿನಿಯರಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ 1999ರ ಡಂಕನ್ಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಶಾಶ್ವತವಾಗಿ ನಡೆಸುವ ಉದ್ದೇಶದಿಂದ ನೆಲದಲ್ಲಿ ನೆಲೆಗೊಳಿಸಿದ್ದ ರಸಗೊಬ್ಬರ ಕಾರ್ಖಾನೆಯ ಯಂತ್ರಗಳನ್ನು ಸ್ಥಿರಾಸ್ತಿಯೆಂದೇ ಪರಿಗಣಿಸಿ, ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಸೇರಿಸಲಾಯಿತು.

ಷೆಡ್ಡನ್ನು ಯಂತ್ರಗಳ ಸಮೇತ ಮಾರುವ ಉದ್ಯಮಿಗೆ ಈ ಭೇದವು ತೆರಿಗೆಯ ಪ್ರಶ್ನೆಯೂ ಹೌದು. ಪೂರ್ಣಗೊಂಡ ಹಳೆಯ ಕಟ್ಟಡದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಮುದ್ರಾಂಕ ಶುಲ್ಕವುಂಟು. ನೋಂದಾಯಿತ ವ್ಯಾಪಾರಿಯು ಯಂತ್ರವನ್ನು ಸರಕಾಗಿ ಮಾರಿದರೆ ಜಿಎಸ್‌ಟಿಯ ಹೊಣೆ ಬರುತ್ತದೆ. ಹಾಗೆಂದು ಶುಲ್ಕ ಉಳಿಸಲು ಮನೆಯ ಬೆಲೆಯನ್ನು ಕುಗ್ಗಿಸಿ ಪೀಠೋಪಕರಣಗಳ ಬೆಲೆಯನ್ನು ಹಿಗ್ಗಿಸುವುದು ಸಲ್ಲದು. ಕಡಿಮೆ ಮೌಲ್ಯ ತೋರಿಸಿದ ಪತ್ರಗಳನ್ನು ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ 45-ಎ ಪ್ರಕರಣದನ್ವಯ ಪರಿಶೀಲನೆಗೆ ಒಪ್ಪಿಸಬಹುದು.

ಬಾಡಿಗೆಗೆ ಕೊಟ್ಟ ಮಳಿಗೆಯನ್ನು ಮಾರುವಾಗ ಇನ್ನೊಂದು ಎಚ್ಚರಿಕೆ ಅಗತ್ಯ. ವಿರುದ್ಧ ಕರಾರಿಲ್ಲದಿದ್ದರೆ, ಬಾಡಿಗೆದಾರನು ತಾನು ಜೋಡಿಸಿದ್ದನ್ನು ಸ್ವಾಧೀನ ಬಿಡುವ ಮುನ್ನ ತೆಗೆದುಕೊಂಡು, ಕಟ್ಟಡವನ್ನು ಮೊದಲಿನ ಸ್ಥಿತಿಯಲ್ಲಿ ಒಪ್ಪಿಸಬಹುದು. ಆತನ ರ‍್ಯಾಕುಗಳನ್ನು ಮಾಲೀಕನು ಮಾರಾಟದ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಮುಂಗಡ ಪಡೆಯುವ ಮೊದಲೇ ಕರಾರುಪತ್ರಕ್ಕೆ ಎರಡು ಪಟ್ಟಿಗಳನ್ನು ಲಗತ್ತಿಸುವುದು ಕ್ಷೇಮ: ಮನೆಯೊಡನೆ ಹೋಗುವುವು, ಮಾರುವವನು ಒಯ್ಯುವುವು. ಪ್ರತ್ಯೇಕವಾಗಿ ಮಾರುವ ವಸ್ತುಗಳಿದ್ದರೆ ನೈಜ ಬೆಲೆಯನ್ನೂ ನಮೂದಿಸಿ, ಉಭಯ ಪಕ್ಷದವರೂ ಸಹಿ ಮಾಡತಕ್ಕದ್ದು. 8ನೇ ಪ್ರಕರಣವು ಕೇಳುವ ‘ಬೇರೆ ಉದ್ದೇಶ’ಕ್ಕೆ ಇದೇ ತಕ್ಕ ಪುರಾವೆ.